ಜ್ವರ ಬಂದು ಎಷ್ಟು ದಿನವಾಯಿತು?

ಜ್ವರವೆಂದು ಆಸ್ಪತ್ರೆಗೆ ಹೋದಾಗ ವೈದ್ಯರು ಕೇಳುವ ಮೊದಲ ಪ್ರಶ್ನೆ ನೆನಪಿದೆಯೇ? "ಜ್ವರ ಶುರುವಾಗಿ ಎಷ್ಟು ದಿನವಾಯಿತು?" ನಾವು ಸಾಮಾನ್ಯವಾಗಿ "ಮೂರ್ನಾಲ್ಕು ದಿನ ಆಗಿರಬಹುದು" ಎಂದು ಅಂದಾಜಿನಲ್ಲಿ ಹೇಳಿಬಿಡುತ್ತೇವೆ. ಡೆಂಗಿ ಜ್ವರದಲ್ಲಿ ಈ ದಿನಗಳ ಲೆಕ್ಕ ತಪ್ಪಿದರೆ ರಕ್ತಪರೀಕ್ಷೆಯ ವರದಿಯನ್ನೇ ತಪ್ಪಾಗಿ ತಿಳಿಯುವ ಅಪಾಯವಿದೆ. ಹೇಗೆ? ನೋಡೋಣ.

ನಿಮ್ಮ ಹೊಲಕ್ಕೆ ರಾತ್ರಿ ಕಾಡುಹಂದಿ ನುಗ್ಗಿದೆ ಎಂದುಕೊಳ್ಳಿ. ಬೆಳಗ್ಗೆ ಮಣ್ಣಿನಲ್ಲಿ ಗೊರಸಿನ ಗುರುತು ಕಾಣುತ್ತದೆ. ಆಮೇಲೆ ಅಪ್ಪ ಮುಳ್ಳುಬೇಲಿ ಕಟ್ಟಲು ತೊಡಗುತ್ತಾರೆ. ಬೇಲಿ ಮುಗಿಯಲು ನಾಲ್ಕೈದು ದಿನ ಬೇಕು. ಕೆಲವು ದಿನಗಳಲ್ಲಿ ಗೊರಸಿನ ಗುರುತು ಅಳಿಸಿಹೋಗುತ್ತದೆ. ಈಗ ಹೇಳಿ, ಮೊದಲ ದಿನ ಯಾರಾದರೂ ಬಂದು "ಇಲ್ಲಿ ಬೇಲಿಯೇ ಇಲ್ಲ, ಹಂದಿ ಬಂದೇ ಇಲ್ಲ" ಎಂದರೆ ಒಪ್ಪುತ್ತೀರಾ?

ಡೆಂಗಿಯ ಪರೀಕ್ಷೆಯೂ ಹೀಗೆಯೇ. ಈಡಿಸ್ ಸೊಳ್ಳೆ ಕಚ್ಚಿದಾಗ ಡೆಂಗಿ ವೈರಸ್ ದೇಹವನ್ನು ಸೇರುತ್ತದೆ. ವೈರಸ್ ಹೆಚ್ಚುತ್ತಿರುವಾಗ ಎನ್‌ಎಸ್-1 ಎಂಬ ಪ್ರೋಟೀನು ರಕ್ತದಲ್ಲಿ ಸಿಗುತ್ತದೆ. ಇದು ಗೊರಸಿನ ಗುರುತು. ಜ್ವರದ ಮೊದಲ ಐದು ದಿನಗಳಲ್ಲಿ ಇದನ್ನು ಹುಡುಕುತ್ತಾರೆ. ವೈರಸ್ಸಿನ ವಿರುದ್ಧ ನಮ್ಮ ದೇಹವೇ ಪ್ರತಿಕಾಯಗಳನ್ನು ತಯಾರಿಸುತ್ತದೆ. ಇವು ಬೇಲಿ. ಮೊದಲು ಬರುವ ಪ್ರತಿಕಾಯದ ಹೆಸರು ಐಜಿಎಂ. ಇದು ಚೆನ್ನಾಗಿ ಕಾಣಿಸಿಕೊಳ್ಳುವುದು ಸುಮಾರು ಐದು ದಿನಗಳ ನಂತರ. ಐಜಿಜಿ ಎಂಬ ಇನ್ನೊಂದು ಪ್ರತಿಕಾಯ ಕಾಯಿಲೆ ವಾಸಿಯಾದ ಮೇಲೂ ಅನೇಕ ವರ್ಷ ಉಳಿಯುತ್ತದೆ, ಹಳೆಯ ಬೇಲಿಯ ಕಂಬದ ಹಾಗೆ.

ಒಬ್ಬ ಹುಡುಗನಿಗೆ ಸೋಮವಾರ ಜ್ವರ ಬಂತು ಎನ್ನೋಣ. ಬುಧವಾರ ಐಜಿಎಂ ಪರೀಕ್ಷೆಯೊಂದನ್ನೇ ಮಾಡಿಸಿದರು. ವರದಿ 'ನೆಗೆಟಿವ್'. ಮನೆಯವರಿಗೆ ನೆಮ್ಮದಿ. ಶುಕ್ರವಾರ ಜ್ವರವೂ ಇಳಿಯಿತು. "ಡೆಂಗಿ ಇಲ್ಲವಂತೆ, ಜ್ವರವೂ ಬಿಟ್ಟಿತು, ಆಡಲು ಹೋಗು" ಎಂದರು. ಇಲ್ಲಿಯೇ ಇರುವುದು ಮೋಸ! ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಕೆಲವರಿಗೆ ಅಪಾಯದ ಹೊತ್ತು. ಆಗ ರಕ್ತನಾಳಗಳಿಂದ ದ್ರವ ಹೊರಕ್ಕೆ ಸೋರಿ ರಕ್ತದ ಒತ್ತಡ ಕುಸಿಯಬಹುದು. ಜೋರಾದ ಹೊಟ್ಟೆನೋವು, ನಿಲ್ಲದ ವಾಂತಿ, ಮೂಗು ಅಥವಾ ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಇವುಗಳಲ್ಲಿ ಒಂದು ಕಂಡರೂ ವರದಿಯಲ್ಲಿ ಏನೇ ಇರಲಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬುಧವಾರದ 'ನೆಗೆಟಿವ್' ಹೇಳಿದ್ದು 'ಬೇಲಿ ಇನ್ನೂ ಕಾಣುತ್ತಿಲ್ಲ' ಎಂದು ಮಾತ್ರ.

ಹಾಗಾದರೆ ಎನ್‌ಎಸ್-1 ಪರೀಕ್ಷೆ ಎಂದೂ ತಪ್ಪುವುದಿಲ್ಲವೇ? ತಪ್ಪುವುದುಂಟು. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಆದ್ದರಿಂದ ಒಬ್ಬರಿಗೇ ಮತ್ತೆ ಡೆಂಗಿ ಬರಬಹುದು. ಹಾಗೆ ಎರಡನೇ ಸಲ ಬಂದವರಲ್ಲಿ ಎನ್‌ಎಸ್-1 ಕೈಗೆ ಸಿಗದೆ ಹೋಗುವ ಸಂಭವ ಹೆಚ್ಚು.

'ಪಾಸಿಟಿವ್' ಎಂಬುದನ್ನೂ ಯೋಚಿಸಿಯೇ ಓದಬೇಕು. ಐಜಿಜಿ ಮಾತ್ರ ಪಾಸಿಟಿವ್ ಇದ್ದರೆ ಅದು ಹಿಂದೆಂದೋ ಬಂದಿದ್ದ ಡೆಂಗಿಯ ಗುರುತಾಗಿರಬಹುದು. ಐಜಿಎಂ ಕೂಡ ಎರಡು ಮೂರು ತಿಂಗಳು ರಕ್ತದಲ್ಲಿ ಉಳಿಯಬಹುದು. ಜಪಾನೀಸ್ ಮಿದುಳು ಜ್ವರದ ವೈರಸ್ ಡೆಂಗಿ ವೈರಸ್ಸಿನ ದಾಯಾದಿ. ಅದರ ಪ್ರತಿಕಾಯವನ್ನು ಡೆಂಗಿಯದೆಂದು ಪರೀಕ್ಷೆ ತಪ್ಪು ತಿಳಿಯುವುದೂ ಇದೆ. ಇನ್ನು ಪ್ಲೇಟ್‌ಲೆಟ್ ಕಡಿಮೆಯಾದ ಕೂಡಲೇ ಡೆಂಗಿ ಎಂದು ನಿರ್ಧರಿಸುವವರೂ ಇದ್ದಾರೆ. ಮಲೇರಿಯಾದಲ್ಲೂ ಪ್ಲೇಟ್‌ಲೆಟ್ ಕಡಿಮೆಯಾಗುತ್ತದಲ್ಲ!

ಕೆಲವೇ ನಿಮಿಷಗಳಲ್ಲಿ ಗೆರೆ ತೋರಿಸುವ ಕಾರ್ಡ್ ಪರೀಕ್ಷೆಯನ್ನು ನೀವು ನೋಡಿರಬಹುದು. ಅದನ್ನಷ್ಟೇ ನಂಬಿ ಡೆಂಗಿ ಖಚಿತವೆನ್ನುವುದಿಲ್ಲ. ಸರ್ಕಾರದ ಪ್ರಯೋಗಾಲಯಗಳಲ್ಲಿ ಎಲೈಸಾ ಎಂಬ ವಿಧಾನದಿಂದ ದೃಢಪಡಿಸುತ್ತಾರೆ. ಇದಕ್ಕೆ ಬೇಕಾದ ಐಜಿಎಂ ಕಿಟ್ಟುಗಳನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ತಯಾರಿಸಿ ಕೊಡುತ್ತದೆ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು.

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಅಂದೇ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ. ಈ ಕೆಲಸಕ್ಕೆ ಮನೆಯಲ್ಲಿ ನಿಮಗಿಂತ ಚುರುಕಾದವರು ಸಿಗಲಾರರು. ಆಸ್ಪತ್ರೆಗೆ ಹೋಗುವಾಗ ಆ ದಿನಾಂಕವನ್ನು ಹೇಳಿ ಕಳಿಸಿ.

ನೀವೇ ಓದಿ ನೋಡಿ

ವರದಿ 1: ಜುಲೈ 4ರಂದು ಜ್ವರ ಶುರು. ರಕ್ತ ತೆಗೆದದ್ದು ಜುಲೈ 12ರಂದು. ಎನ್‌ಎಸ್-1 ನೆಗೆಟಿವ್, ಐಜಿಎಂ ಪಾಸಿಟಿವ್.

ವರದಿ 2: ಜುಲೈ 4ರಂದು ಜ್ವರ ಶುರು. ರಕ್ತ ತೆಗೆದದ್ದು ಜುಲೈ 6ರಂದು. ಎನ್‌ಎಸ್-1 ನೆಗೆಟಿವ್, ಐಜಿಎಂ ನೆಗೆಟಿವ್, ಐಜಿಜಿ ಪಾಸಿಟಿವ್.

ಮೊದಲನೆಯದು ಸುಲಭ: ಗೊರಸು ಅಳಿಸಿದೆ, ಬೇಲಿ ಎದ್ದಿದೆ. ಎರಡನೆಯದರಲ್ಲಿ ಏನಾಗಿರಬಹುದು? ಮತ್ತೆ ರಕ್ತಪರೀಕ್ಷೆ ಮಾಡಿಸಬೇಕೇ? ಮಾಡಿಸುವುದಾದರೆ ಯಾವ ದಿನ, ಯಾವುದನ್ನು ಹುಡುಕಲು? ತರಗತಿಯಲ್ಲಿ ಚರ್ಚಿಸಿ.