ಬೆಳಕು, ಕ್ಲೋರಿನ್ ಮತ್ತು ಬೆಂಜೀನ್

ಬೆಂಜೀನಿನೊಡನೆ ಕ್ಲೋರಿನ್ ಅನಿಲವನ್ನು ವೇಗವರ್ಧಕವಿಲ್ಲದೆ ಕತ್ತಲಲ್ಲಿ ಬೆರೆಸಿಟ್ಟರೆ ಹೇಳಿಕೊಳ್ಳುವಂತಹ ಬದಲಾವಣೆ ಉಂಟಾಗುವುದಿಲ್ಲ. ಅದೇ ಮಿಶ್ರಣವನ್ನು ಬಿಸಿಲಿಗಿಟ್ಟಾಗ ಹರಳುಗಳು ದೊರೆಯುತ್ತವೆ. 1825ರಲ್ಲಿ ಬೆಂಜೀನನ್ನು ಕಂಡುಹಿಡಿದ ಮೈಕೇಲ್ ಫ್ಯಾರಡೆಯೇ ಈ ಪ್ರಯೋಗವನ್ನೂ ಮಾಡಿದ್ದನು.

ಕ್ಲೋರಿನ್ ಅಣುವಿನ ಎರಡು ಪರಮಾಣುಗಳನ್ನು ಬೇರ್ಪಡಿಸಲು ಪ್ರತಿ ಮೋಲಿಗೆ ಸುಮಾರು 243 ಕಿಲೋಜೂಲ್ ಶಕ್ತಿ ಬೇಕು. ನೀಲಿ ಹಾಗೂ ನೇರಳಾತೀತ ಬೆಳಕು ಇದನ್ನು ಒದಗಿಸಬಲ್ಲುದು. ಬಿಡಿಯಾದ ಪರಮಾಣು ಬೆಂಜೀನ್ ಉಂಗುರಕ್ಕೆ ಅಂಟಿಕೊಳ್ಳುತ್ತದೆ. ಹೀಗೆ ಉಂಟಾದ ಚುರುಕಾದ ಕಣವು ಮತ್ತೊಂದು ಕ್ಲೋರಿನ್ ಅಣುವನ್ನು ಒಡೆದು ಹೊಸ ಪರಮಾಣುವನ್ನು ಬಿಡುಗಡೆ ಮಾಡುತ್ತದೆ. ಬೆಳಕು ಆರಂಭಿಸಿಕೊಟ್ಟರೆ ಸಾಕು, ಸರಪಳಿ ತಾನೇ ಮುಂದುವರಿಯುತ್ತದೆ. (ಆಮ್ಲಜನಕ ಸೇರಿದರೆ ಅದು ಕಡಿದುಹೋಗುತ್ತದೆ.) ಉಂಗುರಕ್ಕೆ ಆರು ಕ್ಲೋರಿನ್ ಪರಮಾಣುಗಳು ಸೇರಿ ಬೆಂಜೀನ್ ಹೆಕ್ಸಾಕ್ಲೋರೈಡ್, ಅಂದರೆ ಬಿ.ಎಚ್.ಸಿ., ಆಗುತ್ತದೆ. ಕತ್ತಲಲ್ಲಿ ಫೆರಿಕ್ ಕ್ಲೋರೈಡಿನ ನೆರವಿನಿಂದ ದೊರೆಯುವುದು ಬೇರೆಯೇ ವಸ್ತು, ಕ್ಲೋರೊಬೆಂಜೀನ್.

ಮುಗ್ಗಲು ವಾಸನೆಯ ಗಮಾಕ್ಸಿನ್ ಪುಡಿಯೆಂದು ರೈತರು ಬಲ್ಲದ್ದು ಈ ಬಿ.ಎಚ್.ಸಿ.ಯನ್ನೇ. ಆದರೆ ಅದರ ಅಣುಗಳೆಲ್ಲ ಒಂದೇ ರೂಪದವಲ್ಲ. ಕೀಟಗಳನ್ನು ಕೊಲ್ಲುವ ಗುಣ ಮುಖ್ಯವಾಗಿ ಗ್ಯಾಮಾ ರೂಪದ್ದು. ಅದು ನೂರರಲ್ಲಿ 10ರಿಂದ 15 ಪಾಲು ಮಾತ್ರ. ಉಳಿದುದು, ಬಹುಮಟ್ಟಿಗೆ ಆಲ್ಫಾ, ವ್ಯರ್ಥವಾಗಿ ಹೊಲಕ್ಕೆ ಬೀಳುತ್ತಿತ್ತು. ಬೇಗನೆ ವಿಘಟನೆಗೊಳ್ಳದ ಬೀಟಾ ರೂಪವು ಮಣ್ಣಿನಲ್ಲಿಯೂ ಹಾಲಿನ ಕೊಬ್ಬಿನಲ್ಲಿಯೂ ಉಳಿಯಿತು. ಭಾರತದಲ್ಲಿ ಬಿ.ಎಚ್.ಸಿ.ಯನ್ನು 1997ರ ಏಪ್ರಿಲ್ 1ರಿಂದ ನಿಷೇಧಿಸಲಾಯಿತು. ಶುದ್ಧ ಗ್ಯಾಮಾ ರೂಪವಾದ ಲಿಂಡೇನ್ ಕೀಟನಾಶಕದ ತಯಾರಿಕೆಯನ್ನು 2011ರಲ್ಲಿ, ಬಳಕೆಯನ್ನು 2013ರಲ್ಲಿ ನಿಷೇಧಿಸಲಾಯಿತು. ಊರಿನ ಹಳೆಯ ಉಗ್ರಾಣಗಳಲ್ಲಿ ಈ ಪುಡಿ ಉಳಿದಿದ್ದರೆ ಅದನ್ನು ಕಾಳಿಗೆ ಬೆರೆಸಬಾರದು, ಬಾವಿಯ ಬಳಿ ಹೂಳಲೂಬಾರದು. ಸ್ಥಳೀಯ ಕೃಷಿ ಅಧಿಕಾರಿಗಳಿಗೆ ತಿಳಿಸತಕ್ಕದ್ದು.