ಹತ್ತೋದು ಕಾಲು, ಕೈಯಲ್ಲ

ಮೊದಲ ಸಲ ಎರಡೂ ಪಾದ ಜೋಡಿಸುವ ತಳೆಯನ್ನು ಕಾಲಿಗೆ ಹಾಕಿಕೊಂಡು ಅಡಿಕೆ ಮರದ ಬುಡದಲ್ಲಿ ನಿಂತಾಗ ಅಪ್ಪ ಹೇಳಿದ್ದು ಒಂದೇ ಮಾತು: "ಹತ್ತೋದು ಕಾಲು ಮಾರಾಯ, ಕೈ ಬರೀ ಹಿಡ್ಕೊಳೋಕೆ." ಹತ್ತು ವರ್ಷ ಕೊನೆ ಕೊಯ್ದೆ, ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆದೆ. ಆಮೇಲೆ ಮಾವು, ಹಲಸಿನಂಥ ದೊಡ್ಡ ಮರಗಳ ಕೊಂಬೆ ಸವರುವ ಕೆಲಸ ಹಿಡಿದೆ. ತೋಳಿನ ತೆಕ್ಕೆಗೆ ಸಿಗದ ಆ ಕಾಂಡಗಳಿಗೆ ತಳೆ ನಡೆಯದು, ಹಗ್ಗವೇ ಬೇಕು. ಹಗ್ಗ ಕೈಗೆ ಬಂದದ್ದೇ ಅಪ್ಪನ ಮಾತು ಮರೆತೆ.

ಮೊದಲು ಕಲಿತದ್ದು ಜೋಡಿ ಎಳೆಯ ಪದ್ಧತಿ. ಕೊಂಬೆಯ ಮೇಲೆ ಹಾದು ಬಂದ ಹಗ್ಗದ ಒಂದು ತುದಿ ಸೊಂಟದ ಹಾರ್ನೆಸ್‌ಗೆ, ಇನ್ನೊಂದು ಎಳೆಯ ಮೇಲೆ ಪ್ರೂಸಿಕ್ ಗಂಟು. ಭಾರ ಬಿದ್ದರೆ ಬಿಗಿಯುವ, ಭಾರ ಇಳಿದರೆ ಜಾರುವ ಈ ಗಂಟನ್ನು 1931ರಲ್ಲಿ ಪ್ರಚಾರಕ್ಕೆ ತಂದವರು ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್. ಇದರಲ್ಲಿ ಒಂದಡಿ ಏರಲು ಎರಡಡಿ ಹಗ್ಗ ಎಳೆಯಬೇಕು. 40 ಅಡಿಯ ಕೊಂಬೆಗೆ 80 ಅಡಿ. ಅಷ್ಟನ್ನೂ ತೋಳಿನಿಂದಲೇ ಎಳೆದೆ. ಎರಡು ಹಂಗಾಮಿನಲ್ಲಿ ಬಲಭುಜ ಸೋತಿತು. ರಾತ್ರಿ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ.

ಆಗ ಒಂಟಿ ಎಳೆಗೆ ಬಂದೆ. ಇಲ್ಲಿ ಹಗ್ಗ ಕದಲುವುದಿಲ್ಲ, ನಾವೇ ಅದರ ಮೇಲೆ ನಡೆಯುತ್ತೇವೆ. ಒಂದು ಪಾದಕ್ಕೆ ಫೂಟ್ ಅಸೆಂಡರ್, ಅಂದರೆ ಹಗ್ಗದ ಮೇಲೆ ಮೇಲಕ್ಕಷ್ಟೇ ಜಾರುವ, ತುಳಿದರೆ ಕಚ್ಚಿಕೊಳ್ಳುವ ಸಾಧನ. ಇನ್ನೊಂದು ಕಾಲಿನದು ಮೊಣಕಾಲಿನ ಮಟ್ಟದಲ್ಲಿ, ಅದನ್ನು ಮೇಲೆಳೆಯಲು ರಬ್ಬರ್ ದಾರ. ಎದೆಪಟ್ಟಿ ಮೈಯನ್ನು ಹಗ್ಗಕ್ಕೆ ಹತ್ತಿರ, ನೆಟ್ಟಗೆ ಇಡುತ್ತದೆ. ಎಡ, ಬಲ, ಎಡ, ಬಲ ಎಂದು ಮೆಟ್ಟಿಲು ಹತ್ತಿದಂತೆ ಹೋಗಬಹುದು. ಆದರೆ ಕಾಲಿನ ಅಸೆಂಡರ್‌ಗಳು ಏರುವುದಕ್ಕೆ ಮಾತ್ರ. ಜೀವ ಕಾಯುವುದು ಸೊಂಟದ ಕೊಂಡಿಗೆ ಸಿಕ್ಕಿಸಿದ, ಭಾರ ಬಿದ್ದರೆ ಹಗ್ಗ ಕಚ್ಚುವ ಹಿಡಿತ.

ಇನ್ನೊಂದು ಪಾಠ ಬಾಕಿಯಿತ್ತು. ಹಗ್ಗದ ಆಚೆ ತುದಿಯನ್ನು ಮರದ ಬುಡಕ್ಕೆ ಕಟ್ಟಿದರೆ ಮೇಲಿನ ಕೊಂಬೆಗೆ ಬೀಳುವುದು ನಮ್ಮ ತೂಕದ ಸುಮಾರು ಎರಡರಷ್ಟು. ಈಚೆ ನಾವು ಎಳೆದಷ್ಟೇ ಆಚೆ ಬುಡವೂ ಎಳೆಯುತ್ತದೆ. ನನ್ನ 65 ಕಿಲೋ ಕೊಂಬೆಗೆ 130 ಕಿಲೋ ಆಗುತ್ತದೆ. ಇದು ಗೊತ್ತಿದ್ದೂ ಒಂದು ಸಂಜೆ, ಎಲೆಮರೆಯ ಮಾವಿನ ಕೊಂಬೆಯನ್ನು ಪರೀಕ್ಷಿಸದೆ ಏರಿದೆ. ಹನ್ನೆರಡು ಅಡಿಯಲ್ಲಿ ಚಟ್ಟೆಂದಿತು. ಒಳಗೆ ಗೆದ್ದಲು ತಿಂದಿದ್ದ ಕೊಂಬೆ ನನ್ನ ಭುಜ ಸವರಿ ನೆಲಕ್ಕೆ ಬಿತ್ತು. ಹಗ್ಗ ಕೆಳಗಿನ ಕವಲಿಗೆ ಸಿಕ್ಕಿದ್ದರಿಂದ ನಾಲ್ಕಡಿ ಕುಸಿದು ಕಾಂಡಕ್ಕೆ ಬಡಿದು ನಿಂತೆ. ಪಕ್ಕೆ ನೋವು ತಿಂಗಳುಗಟ್ಟಲೆ ಇತ್ತು.

ಈಗ ಹಗ್ಗ ಕಟ್ಟಿದ ಮೇಲೆ, ಕೊಂಬೆಯ ನೇರ ಕೆಳಗೆ ನಿಲ್ಲದೆ ಬದಿಗೆ ಸರಿದು, ಇಬ್ಬರು ಒಟ್ಟಿಗೆ ಜೋತುಬಿದ್ದು ನೋಡುತ್ತೇವೆ. ಹಗ್ಗವನ್ನು ಬೆರಳ ನಡುವೆ ಮೊಳ ಮೊಳವಾಗಿ ಹಾಯಿಸುತ್ತೇನೆ; ಗಟ್ಟಿಯಾದ ಇಲ್ಲವೇ ಮೆತ್ತಗಾದ ಜಾಗ ಸಿಕ್ಕರೆ ಆ ಹಗ್ಗ ಮರಕ್ಕೆ ಹೋಗುವುದಿಲ್ಲ. ಮೇಲೆ ತಲುಪಿದ ಮೇಲೆ ಕಾಂಡಕ್ಕೆ ಎರಡನೆಯ ಹಗ್ಗ ಬಿಗಿಯುವವರೆಗೆ ಮೊದಲ ಹಿಡಿತ ಬಿಚ್ಚುವುದಿಲ್ಲ.

ಹೊಸದಾಗಿ ಹಗ್ಗ ಹಿಡಿಯುವವರೇ, ದುಬಾರಿ ಅಸೆಂಡರ್ ಆಮೇಲೆ ಕೊಳ್ಳಿ, ಮೊದಲು ಕೊಂಬೆ ನೋಡಲು ಕಲಿಯಿರಿ. ಒಬ್ಬರೇ ಹತ್ತಬೇಡಿ. ನಿಮ್ಮನ್ನು ಕೆಳಗಿಳಿಸಲು ಬಲ್ಲವರೊಬ್ಬರು ಮರದ ಬುಡದಲ್ಲಿ ಇದ್ದೇ ಇರಲಿ.