ಮರದ ಬುಷ್‌ಗೆ ಎಣ್ಣೆ: ಸುಗ್ಗಿಗೆ ಮೊದಲೇ ಕುಡಿಸಿ

ನಾಗಮಂಗಲದಲ್ಲಿ ರಾಗಿ ಮುಗಿಸಿ, ಕೆ.ಆರ್. ಪೇಟೆಯ ಹೇಮಾವತಿ ನಾಲೆ ಬಯಲಿಗಿಳಿದು, ಅಲ್ಲಿಂದ ಪಾಂಡವಪುರ, ಶ್ರೀರಂಗಪಟ್ಟಣದ ಭತ್ತದ ಗದ್ದೆಗೆ ಹೊರಡುವ ಹಳೆ ಕಂಬೈನ್ ನಡುವೆ ಕೆಟ್ಟು ನಿಂತರೆ ಬಾಡಿಗೆಯೆಲ್ಲ ಪಕ್ಕದ ಮೆಷಿನ್‌ನವರ ಪಾಲು. ಹಾಗೆ ನಿಲ್ಲಿಸುವ ಸಣ್ಣ ಸಾಮಾನುಗಳಲ್ಲಿ ಹುಲ್ಲು ಕೊಡವುವ ಸ್ಟ್ರಾ ವಾಕರ್‌ನ ಮರದ ಬುಷ್ ಒಂದು.

1. ನಿಮ್ಮ ಗಾಡಿಯಲ್ಲಿ ಅದು ಇದೆಯೇ ನೋಡಿ. ಕೆಸರಿಗೆ ಇಳಿಯುವ ಚೈನ್ ಗಾಡಿಗಳಲ್ಲಿ, ಅಂದರೆ ಕ್ರಾಪ್ ಟೈಗರ್, ಕುಬೋಟಾ ತರಹದವುಗಳಲ್ಲಿ, ಹುಲ್ಲು ಉದ್ದನೆಯ ಡ್ರಮ್ಮಿನಲ್ಲೇ ಸುತ್ತಿ ಆಚೆ ಬೀಳುತ್ತದೆ. ಸ್ಟ್ರಾ ವಾಕರೇ ಇಲ್ಲ. ಹಳೆಯ ಟೈರ್ ಗಾಡಿಗಳಲ್ಲಿ ವಾಕರ್‌ಗಳು ಹಿಂದೊಂದು ಮುಂದೊಂದು ಕ್ರ್ಯಾಂಕ್ ಶಾಫ್ಟ್ ಮೇಲೆ ಕುಣಿಯುತ್ತವೆ. ಐದು ವಾಕರ್ ಇದ್ದರೆ ಬುಷ್ ಹತ್ತು ಜೊತೆ.

2. ಕಟಾವಿನ ನಡುವೆ ಮೇಲಿನಿಂದ ಎಣ್ಣೆ ಸುರಿಯಬೇಡಿ, ಗ್ರೀಸ್ ಮೆತ್ತಲೂ ಬೇಡಿ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು. ಆ ದೂಳು ಜಿಡ್ಡಿಗೆ ಅಂಟಿಕೊಂಡರೆ ಸಾಣೆ ಹಿಡಿದ ಹಾಗೆ ಶಾಫ್ಟನ್ನೇ ತಿನ್ನುತ್ತದೆ. ಮರಕ್ಕೆ ಎಣ್ಣೆ ಬೇಕಿರುವುದು ಒಳಗೆ.

3. ಹಾಗಾದರೆ ಕುಡಿಸುವುದು ಹೇಗೆ? ಸುಗ್ಗಿಗೆ ಮೊದಲು ಬುಷ್ ಬಿಚ್ಚಿ, ಒರೆಸಿ, ಚೆನ್ನಾಗಿ ಒಣಗಿಸಿ. ತೇವ ಉಳಿದ ಮರ ಎಣ್ಣೆ ಎಳೆಯುವುದಿಲ್ಲ. ಡಬ್ಬದಲ್ಲಿ ಹೊಸ ಎಂಜಿನ್ ಆಯಿಲ್ ತುಂಬಿ, ಬುಷ್ ಮುಳುಗಿಸಿ ಮೇಲೊಂದು ಕಲ್ಲು ಹೇರಿ, ಇಲ್ಲದಿದ್ದರೆ ತೇಲುತ್ತದೆ. ಆ ಡಬ್ಬವನ್ನು ಬಿಸಿನೀರಿನ ಪಾತ್ರೆಯೊಳಗೆ ಇಡಿ. ನೇರ ಒಲೆಯ ಮೇಲೆ ಖಂಡಿತ ಬೇಡ, ಎಣ್ಣೆಗೆ ಬೆಂಕಿ ಹತ್ತೀತು. ನೀರಿನ ನಡುವೆ ಇಟ್ಟರೆ ಶಾಖ 100 ಡಿಗ್ರಿ ದಾಟುವುದಿಲ್ಲ. ಬಿಸಿಗೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆಯಾಗಿ ಹೊರಡುತ್ತದೆ. ಗುಳ್ಳೆ ನಿಂತ ಮೇಲೆ ಬುಷ್ ತೆಗೆಯಲು ಆತುರ ಪಡಬೇಡಿ: ಅದೇ ಎಣ್ಣೆಯಲ್ಲಿ ರಾತ್ರಿಯಿಡೀ ತಣ್ಣಗಾಗಲಿ. ಒಳಗೆ ಉಳಿದ ಗಾಳಿ ಕುಗ್ಗುವಾಗಲೇ ಮರ ಎಣ್ಣೆ ಹೀರುವುದು. ಬಹಳ ಜನ ಬಿಸಿಬಿಸಿ ಇರುವಾಗಲೇ ಎತ್ತಿ, ಪಟ್ಟ ಶ್ರಮವನ್ನೆಲ್ಲ ಕೆಡಿಸಿಕೊಳ್ಳುತ್ತಾರೆ.

4. ಟ್ರಾಕ್ಟರ್‌ನಿಂದ ಇಳಿಸಿದ ಕಪ್ಪು ಎಣ್ಣೆ ಬೇಡ. ಅದರಲ್ಲಿ ಮಸಿ, ಲೋಹದ ಪುಡಿ ಇರುತ್ತವೆ. ಅಗಸೆ ಎಣ್ಣೆಯೂ ಬೇಡ, ಒಣಗಿ ಗಟ್ಟಿಯಾಗುತ್ತದೆ.

5. ಹೊಸ ಬುಷ್ ಕೊಳ್ಳುವುದಾದರೆ ಎಣ್ಣೆ ಕುಡಿಸಿದ್ದೇ ಎಂದು ಕೇಳಿ ಕೊಳ್ಳಿ. ಹೊರದೇಶದ ಗಾಡಿಗಳಿಗೆ ಮೇಪಲ್ ಮರ ಬಳಸುತ್ತಾರೆ. ಊರಿನ ಬಡಗಿಯಿಂದಲೇ ಮಾಡಿಸಬೇಕಾದರೆ ಚೆನ್ನಾಗಿ ಒಣಗಿದ ಕರಿಜಾಲಿ ಕೊಡಿ, ಹಸಿ ನೀಲಗಿರಿ ತುಂಡು ಬೇಡ, ಸೀಳುತ್ತದೆ. ಮರ ಎಂದರೆ ಅಗ್ಗದ ಸರಕು ಎಂದು ಮೂಗು ಮುರಿಯುವವರಿಗೆ ಒಂದು ಮಾತು: ಹಡಗಿನ ಪ್ರೊಪೆಲರ್ ಶಾಫ್ಟಿಗೂ 19ನೇ ಶತಮಾನದಿಂದ ಲಿಗ್ನಮ್ ವೈಟಿ ಎಂಬ ಗಟ್ಟಿ ಮರದ ಬೇರಿಂಗ್ ಹಾಕುತ್ತಿದ್ದರು. ಅಲ್ಲಿ ಎಣ್ಣೆಯ ಕೆಲಸವನ್ನು ಸಮುದ್ರದ ನೀರೇ ಮಾಡುತ್ತಿತ್ತು.

6. ಕೂರಿಸುವ ಮೊದಲು ಶಾಫ್ಟಿನ ತುಕ್ಕನ್ನು ನಯವಾದ ಎಮರಿ ಕಾಗದದಿಂದ ತೆಗೆಯಿರಿ. ಗದ್ದೆ ಬದಿಯಲ್ಲಿ ಮಳೆಗಾಲ ಕಳೆದ ಗಾಡಿಯಲ್ಲಿ ಬುಷ್‌ನ ಅಡಿಯಲ್ಲೇ ತುಕ್ಕು ಕೂತಿರುತ್ತದೆ.

7. ಬೋಲ್ಟ್ ಬಿಗಿ ಮಾಡುವಾಗ ಎಂಜಿನ್ ಆಫ್, ಕೀಲಿ ಜೇಬಿನಲ್ಲಿ. ಬುಷ್‌ನ ಎರಡೂ ಹೋಳು ಸಮನಾಗಿ ಕೂರಲಿ, ಕ್ರ್ಯಾಂಕ್ ಕೈಯಲ್ಲಿ ತಿರುಗಲಿ. ಅತಿ ಬಿಗಿಯಾದರೆ ಮರ ಕಾಯುತ್ತದೆ, ಕರಕಲಾಗುತ್ತದೆ; ಸುತ್ತ ಒಣಹುಲ್ಲು ಇರುವ ಜಾಗದಲ್ಲಿ ಅದು ತಮಾಷೆಯಲ್ಲ. ಸವೆದು ಸಡಿಲವಾದಾಗ, ಹೋಳುಗಳ ನಡುವೆ ತೆಳು ತಗಡು ಕೊಟ್ಟಿದ್ದರೆ ಒಂದನ್ನು ತೆಗೆದು ಸರಿಮಾಡಿ.

8. ವಾಕರ್ ಅನ್ನು ಕೈಯಲ್ಲಿ ಮೇಲೆ ಕೆಳಗೆ ಅಲ್ಲಾಡಿಸಿ. ಟಕ್ ಟಕ್ ಸದ್ದು ಬಂದರೆ, ಪಕ್ಕದ ವಾಕರ್‌ಗೆ ತಾಗಿದ ಗೆರೆ ಕಂಡರೆ ಬುಷ್ ಬದಲಿಸುವ ಹೊತ್ತು. ಬೆಳಿಗ್ಗೆ ಇಬ್ಬನಿ ಆರುವವರೆಗೆ ಹೇಗೂ ಕಟಾವು ಇಲ್ಲ, ಆಗಲೇ ಈ ಪರೀಕ್ಷೆ ಮುಗಿಸಿ. ಎಣ್ಣೆ ಕುಡಿಸಿದ ಎರಡು ಜೊತೆ ಬುಷ್ ಮುಚ್ಚಳದ ಡಬ್ಬದಲ್ಲಿ ಗಾಡಿಯಲ್ಲೇ ಇರಲಿ. ನಾಗಮಂಗಲದ ಹೊಲದಲ್ಲಿ ಮುರಿದರೆ ಸ್ಪೇರ್ ಅಂಗಡಿ ದೂರ.